ಕೋಳಿಗೂಡಿನ ಕಸಕ್ಕೊಂದು ಸದ್ಗತಿ

ಪ್ರಾಣಿಯೊಂದನ್ನು ಸಾಕಬೇಕೆಂದು ಸಂಕಲ್ಪಿಸಿದ ಗೃಹಸ್ಥನು ಅದರ ಆಹಾರ, ಆಶ್ರಯ, ಆರೋಗ್ಯಗಳನ್ನು ಕುರಿತು ಎಷ್ಟು ಯೋಚಿಸುವನೋ ಅದು ದಿನದಿನವೂ ಬಿಟ್ಟುಹೋಗುವ ಕಸವನ್ನು ಕುರಿತು ಅಷ್ಟು ಯೋಚಿಸುವುದಿಲ್ಲ. ದನಕರುಗಳ ವಿಷಯದಲ್ಲಿ ಈ ಆಕ್ಷೇಪಕ್ಕೆ ಅವಕಾಶ ಕಡಿಮೆ. ಅವುಗಳ ಸೆಗಣಿಯು ಕುಳ್ಳಾಗಿ ಒಲೆಯನ್ನೂ, ಸಾರಣೆಯಾಗಿ ಅಂಗಳವನ್ನೂ, ತಿಪ್ಪೆಯ ಮಾರ್ಗವಾಗಿ ಹೊಲವನ್ನೂ ಸೇರುವುದು ತಲೆತಲಾಂತರದಿಂದ ನಡೆದುಬಂದ ಕ್ರಮ. ಕುರಿಯ ಹಿಕ್ಕೆಗಂತೂ ಮಾನ್ಯತೆಯೇ ಉಂಟು. ಹಿಂಡನ್ನು ರಾತ್ರಿಯ ಹೊತ್ತು ತನ್ನ ಹೊಲದಲ್ಲಿ ತರುಬಿಸುವುದಕ್ಕಾಗಿ ರೈತನು ಕುರುಬನಿಗೆ ಕಾಳುಕಡಿ ಕೊಟ್ಟು ಕರೆಯುವುದನ್ನು ಬಯಲುಸೀಮೆಯ ಜನರೆಲ್ಲರೂ ಬಲ್ಲರು. ಆದರೆ ಹಿತ್ತಲಿನ ಕೋಳಿಗೂಡಿನಲ್ಲಿ ಹಿಕ್ಕೆ, ಹೊಟ್ಟು, ಉದುರಿದ ಪುಕ್ಕ, ಚೆಲ್ಲಿದ ಕಾಳು, ಸೋರಿದ ನೀರು ಇವೆಲ್ಲ ಕೂಡಿ ತುಳಿದು ಗಟ್ಟಿಯಾಗುವ ಆ ಹಾಸಿಗೆ ಮಾತ್ರ ನಮ್ಮ ಕೃಷಿಪದ್ಧತಿಯಲ್ಲಿ ಒಂದು ನಿಶ್ಚಿತವಾದ ಸ್ಥಾನ ಇದುವರೆಗೂ ಲಭಿಸಿಲ್ಲ. ನಾತ ಹೆಚ್ಚಿದಾಗ ಅದನ್ನು ಬಳಿದು ಎಲ್ಲಿಯೋ ಚೆಲ್ಲುವುದು, ಚೆಲ್ಲಿದ ಮೇಲೆ ಮರೆಯುವುದು, ಇಷ್ಟೇ ಅದರ ಇತಿಹಾಸ. ಈ ಕಸವು ನಿಷ್ಪ್ರಯೋಜಕವೂ ಅಲ್ಲ, ಬಳಿದ ಕೂಡಲೇ ಗೊಬ್ಬರವೂ ಅಲ್ಲ. ಅದನ್ನು ವಿಲೇವಾರಿ ಮಾಡುವುದೆಂದರೆ ಅದಕ್ಕೆ ಸ್ಥಳವನ್ನೂ ಕಾಲವನ್ನೂ ಗೊತ್ತುಮಾಡುವುದು ಎಂಬುದನ್ನು ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನು ದೃಷ್ಟಾಂತವಾಗಿ ಇಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸುವುದು ಅನುಕೂಲ. ಮೂರೂ ಕಡೆ ಎರೆಮಣ್ಣಿನದೇ ಪ್ರಾಬಲ್ಯ. ಮಳೆ ವರ್ಷಕ್ಕೆ ಏಳೆಂಟು ನೂರು ಮಿಲಿಮೀಟರಿನ ಆಸುಪಾಸು. ಚೈತ್ರ ವೈಶಾಖಗಳಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವುದು ಸಹಜ. ಆದರೂ ಕಸದ ದೃಷ್ಟಿಯಿಂದ ಇವುಗಳಲ್ಲಿ ಸೂಕ್ಷ್ಮವಾದ ಭೇದಗಳುಂಟು. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕಲಬುರಗಿಯ ತೊಗರಿಗೆ ಆಳಂದವು ತವರುಗಳಲ್ಲೊಂದು. ಅಲ್ಲಿಯ ಕಣಗಳಲ್ಲಿ ರಾಶಿಯಾದ ಮೇಲೆ ತೊಗರಿ, ಕಡಲೆಗಳ ಹೊಟ್ಟು ಸಮೃದ್ಧವಾಗಿ ಉಳಿಯುತ್ತದೆ. ಭೀಮಾ ನದಿಯ ದಂಡೆಯ ಅಫಜಲಪುರದಲ್ಲಿ ಕಬ್ಬು ಹಬ್ಬಿರುವುದರಿಂದ ಕಬ್ಬಿನ ರವದಿಗೆ ಕೊರತೆಯಿಲ್ಲ. ಜೇವರ್ಗಿಯಲ್ಲಿ ಜೋಳ, ಹತ್ತಿ, ತೊಗರಿಗಳೊಡನೆ ಕೃಷ್ಣಾ ಮೇಲ್ದಂಡೆ ಯೋಜನೆಯ ಶಾಖಾ ಕಾಲುವೆಯ ನೀರು ಮುಟ್ಟಿದ ಹೊಲಗಳೂ ಇವೆ. ಮನೆಯಾಕೆಯು ಕೋಳಿಗೂಡಿನಲ್ಲಿ ಹಾಸುವುದು ಅಂಗಡಿಯಿಂದ ತಂದ ವಸ್ತುವನ್ನಲ್ಲ. ಕಣದ ಹೊಟ್ಟು, ಶೇಂಗಾದ ಸಿಪ್ಪೆ, ಕಣಿಕೆಯ ಚೂರು, ರವದಿ, ಅಡ್ಡೆಯಿಂದ ತಂದ ಕಟ್ಟಿಗೆಯ ಹೊಟ್ಟು, ಏನೂ ಸಿಗದಿದ್ದರೆ ಒಣಮಣ್ಣು ಮತ್ತು ಒಲೆಯ ಬೂದಿ. ಹಾಸಿದ್ದು ಯಾವುದು ಎಂಬುದರ ಮೇಲೆಯೇ ಕಸವು ಮುಂದೆ ಯಾವ ಗತಿಯನ್ನು ಹೊಂದುವುದೆಂಬುದು ಬಹುಮಟ್ಟಿಗೆ ನಿರ್ಧಾರವಾಗುವುದರಿಂದ ಈ ಭೇದಗಳು ಉಪೇಕ್ಷಣೀಯವಲ್ಲ.

ಇದು ನಾಲ್ಕಾರು ಮನೆಗಳ ಪ್ರಶ್ನೆಯೂ ಅಲ್ಲ. 2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿದ್ದ ಹಿತ್ತಲಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಅದು ಶೇಕಡ 45ಕ್ಕೂ ಮೇಲ್ಪಟ್ಟು ಹೆಚ್ಚಿತ್ತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ, ಆಮೇಲೆ ಬಂದ ವನರಾಜ, ಸ್ವರ್ಣಧಾರ ಮೊದಲಾದ ತಳಿಗಳು ಜವಾರಿ ಕೋಳಿಗಿಂತ ಮೈಯಲ್ಲಿ ದೊಡ್ಡವು, ಮೇವಿನಲ್ಲಿ ಮುಂದು. ಆದಕಾರಣ ಹಿಕ್ಕೆಯಲ್ಲಿಯೂ ಮುಂದು. ಓಣಿಯಲ್ಲೆಲ್ಲ ಕೆದರಿ ತಿಂದು ಸಾಯಂಕಾಲ ಬುಟ್ಟಿಯ ಕೆಳಗೆ ಮಲಗುತ್ತಿದ್ದ ನಾಲ್ಕು ಜವಾರಿ ಕೋಳಿಗಳ ಕಾಲಕ್ಕೆ ಕಸವೊಂದು ಸಮಸ್ಯೆಯೇ ಆಗಿರಲಿಲ್ಲ. ಜಾಳಿಗೆಯ ಒಳಗೆ ಇಪ್ಪತ್ತು ಕೋಳಿಗಳನ್ನು ಕೂಡಿಹಾಕುವ ಕಾಲಕ್ಕೆ ಅದು ನಿಶ್ಚಯವಾಗಿಯೂ ಸಮಸ್ಯೆ.

ಈ ಪದಾರ್ಥದ ಸ್ವರೂಪವನ್ನು ಮೊದಲು ಅರಿಯೋಣ. ಕೋಳಿಯು ಮೂತ್ರವನ್ನು ಪ್ರತ್ಯೇಕವಾಗಿ ವಿಸರ್ಜಿಸುವುದಿಲ್ಲ. ಹಿಕ್ಕೆಯ ಕಪ್ಪು ಭಾಗದ ಮೇಲೆ ಬೆಳ್ಳಗೆ ಸುಣ್ಣದಂತೆ ಕಾಣುವುದೇ ಅದರ ಮೂತ್ರಾಂಶ. ಅದು ಯೂರಿಕ್ ಆಮ್ಲ. ತೇವ ಮತ್ತು ಶಾಖಗಳು ಒದಗಿದೊಡನೆ ಸೂಕ್ಷ್ಮಜೀವಿಗಳು ಅದನ್ನು ಯೂರಿಯಾ ಆಗಿಯೂ ಯೂರಿಯಾವನ್ನು ಅಮೋನಿಯಾ ಆಗಿಯೂ ಪರಿವರ್ತಿಸುತ್ತವೆ. ಮುಂಜಾನೆ ಗೂಡಿನ ಬಾಗಿಲು ತೆರೆದಾಗ ಕಣ್ಣಿಗೆ ಹೊಡೆಯುವ ಆ ಘಾಟು ಈ ಅಮೋನಿಯಾದ್ದು. ಅದು ಗಾಳಿಗೆ ಹಾರಿತೆಂದರೆ ಎರಡು ನಷ್ಟಗಳು ಏಕಕಾಲದಲ್ಲಿ ಸಂಭವಿಸುತ್ತವೆ: ಕೋಳಿಯ ಶ್ವಾಸಕೋಶಕ್ಕೆ ಬಾಧೆ, ಹೊಲಕ್ಕೆ ಸಲ್ಲಬೇಕಾಗಿದ್ದ ಸಾರಜನಕದ ಹಾನಿ. ಸಾಮಾನ್ಯವಾಗಿ ಕೋಳಿಗೊಬ್ಬರದಲ್ಲಿ ಶೇಕಡ 3ರಷ್ಟು ಸಾರಜನಕ, 2.6ರಷ್ಟು ರಂಜಕ, 1.4ರಷ್ಟು ಪೊಟ್ಯಾಷ್ ಇರುವುದೆಂದು ಕೃಷಿಶಾಸ್ತ್ರದ ಗ್ರಂಥಗಳು ಲೆಕ್ಕಹಾಕುತ್ತವೆ. ಕೊಟ್ಟಿಗೆಗೊಬ್ಬರದಲ್ಲಿಯಾದರೋ ಸಾರಜನಕವು ಅರ್ಧ ಶೇಕಡದ ಸುತ್ತಮುತ್ತ ಮಾತ್ರ. ಆರು ಪಟ್ಟು ತೀಕ್ಷ್ಣವಾದ ಈ ಗುಣವೇ ಅದರ ಶ್ರೇಷ್ಠತೆಗೂ ಅದರ ಅಪಾಯಕ್ಕೂ ಕಾರಣ.

ಇನ್ನು ಹಾಸಿನ ಪಾತ್ರ. ಕೊಳೆಯುವ ಕ್ರಿಯೆಯು ಸುಗಮವಾಗಿ ನಡೆಯಬೇಕಾದರೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದರಿಂದ ಮೂವತ್ತು ಪಾಲು ಇಂಗಾಲ ಇರಬೇಕು. ಬರಿಯ ಹಿಕ್ಕೆಯಲ್ಲಿ ಇಂಗಾಲವು ಹತ್ತು ಪಾಲಿನ ಆಸುಪಾಸು. ಹುಲ್ಲು ಕಣಿಕೆಗಳಲ್ಲಿ ಅದು ಅರವತ್ತಕ್ಕೂ ಮೇಲು. ಕಟ್ಟಿಗೆಯ ಹೊಟ್ಟಿನಲ್ಲಿ ಇನ್ನೂರನ್ನು ಮೀರುತ್ತದೆ. ಹಿಕ್ಕೆ ಹೆಚ್ಚಾಗಿ ಹಾಸು ಕಡಿಮೆಯಾದ ಕಸವು ನಾರುತ್ತದೆ, ಸಾರವನ್ನು ಗಾಳಿಗೆ ಬಿಡುತ್ತದೆ. ಕಟ್ಟಿಗೆಯ ಹೊಟ್ಟೇ ಹೆಚ್ಚಾದ ಕಸವು ಹಸಿಯಾಗಿ ಹೊಲಕ್ಕೆ ಬಿದ್ದರೆ ತಾನು ಕೊಳೆಯುವುದಕ್ಕಾಗಿ ಮಣ್ಣಿನಲ್ಲಿದ್ದ ಸಾರಜನಕವನ್ನೇ ಸೆಳೆದುಕೊಂಡು ಪೈರನ್ನು ಹಳದಿಯಾಗಿಸುತ್ತದೆ. ತೊಗರಿಯ ಹೊಟ್ಟು, ಶೇಂಗಾಸಿಪ್ಪೆ, ಚೂರುಮಾಡಿದ ರವದಿ ಇವು ಈ ಎರಡು ಅತಿಗಳ ನಡುವೆ ನಿಲ್ಲುತ್ತವೆ. ಒಲೆಯ ಬೂದಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅವಶ್ಯಕ: ಕೋಳಿಗಳು ಹೊರಳಾಡಿ ಹೇನು ಕಳೆದುಕೊಳ್ಳಲು ಒಂದು ಮೂಲೆಯಲ್ಲಿ ಬೂದಿ ಇರುವುದು ಒಳಿತೇ, ಆದರೆ ಅದನ್ನೂ ಸುಣ್ಣವನ್ನೂ ಹಸಿಕಸಕ್ಕೆ ಧಾರಾಳವಾಗಿ ಬೆರೆಸಿದರೆ ಕ್ಷಾರವು ಹೆಚ್ಚಿ ಅಮೋನಿಯಾವು ಇನ್ನೂ ಬೇಗನೆ ಹಾರಿಹೋಗುತ್ತದೆ.

ಈಗ ರೂಢಿಯಲ್ಲಿರುವ ವಿಲೇವಾರಿಯ ಕ್ರಮಗಳನ್ನು ನೋಡಬೇಕು. ಬಹುಮಂದಿ ಅದನ್ನು ಓಣಿಯ ತುದಿಯ ತಿಪ್ಪೆಗೋ ಹಳ್ಳದ ದಂಡೆಗೋ ಎಸೆಯುತ್ತಾರೆ. ಕೆಲವರು ಬೆಂಕಿ ಹಚ್ಚುತ್ತಾರೆ. ಕೆಲವರು ಬಳಿದ ದಿನವೇ ಹಿತ್ತಲಿನ ಗಿಡಗಳ ಬುಡಕ್ಕೆ ಸುರಿಯುತ್ತಾರೆ. ಮೂರೂ ದೋಷಯುಕ್ತವಾದುವು. ತೆರೆದ ತಿಪ್ಪೆಯ ಮೇಲೆ ಬಿದ್ದ ಒದ್ದೆ ಕಸದಲ್ಲಿ ನೊಣವು ಮೊಟ್ಟೆಯಿಟ್ಟರೆ ಬೇಸಗೆಯ ಶಾಖಕ್ಕೆ ಏಳರಿಂದ ಹತ್ತು ದಿನಗಳೊಳಗೆ ಹೊಸ ನೊಣಗಳು ಹೊರಬೀಳುತ್ತವೆ. ನೆರೆಹೊರೆಯವರ ಜಗಳಕ್ಕೆ ಮೂಲವಾಗುವುದು ಕೋಳಿಯ ಕೂಗಿಗಿಂತ ಹೆಚ್ಚಾಗಿ ಈ ನೊಣವೇ. ಹಳ್ಳಕ್ಕೆ, ಬಾವಿಯ ಬದಿಗೆ ಎಸೆದ ಕಸದ ಸಾರವು ಮಳೆನೀರಿನೊಡನೆ ಇಳಿದು ನೈಟ್ರೇಟ್ ರೂಪದಲ್ಲಿ ಕುಡಿಯುವ ನೀರನ್ನು ಸೇರುತ್ತದೆ. ಲೀಟರೊಂದಕ್ಕೆ 45 ಮಿಲಿಗ್ರಾಂ ನೈಟ್ರೇಟ್ ಮಾತ್ರ ಕುಡಿಯುವ ನೀರಿನಲ್ಲಿ ಇರಬಹುದೆಂದು ಭಾರತೀಯ ಮಾನಕವು ಮಿತಿಯನ್ನು ವಿಧಿಸಿದೆ. ಆ ಮಿತಿ ಮೀರಿದ ನೀರು ವಿಶೇಷವಾಗಿ ಎಳೆಗೂಸುಗಳ ರಕ್ತದ ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಬಾವಿ, ಬೋರುಗಳಿಂದ ಕಸದ ಗುಂಡಿಯು ಕನಿಷ್ಠ ಐವತ್ತು ಅಡಿ ದೂರದಲ್ಲಿ, ಇಳಿಜಾರಿನ ಕೆಳಬದಿಗೆ ಇರತಕ್ಕದ್ದು. ಸುಡುವುದರಿಂದ ಸಾರಜನಕವೂ ಸಾವಯವಾಂಶವೂ ಹೊಗೆಯಾಗಿ ಹೋಗಿ, ಉಳಿಯುವುದು ಹಿಡಿ ಬೂದಿ ಮಾತ್ರ.

ಮೂರನೆಯ ಕ್ರಮದ ಫಲವನ್ನು ಹಳ್ಳಿಯವರೇ ಅನುಭವದಿಂದ ಬಲ್ಲರು. "ಕೋಳಿ ಗೊಬ್ಬರ ಭಾಳ ಕಾವು ಅದರಿ, ಹಾಕಿದ್ರ ಬದನಿ ಗಿಡ ಸುಟ್ಟು ಹೋಗ್ತಾವ" ಎಂಬ ಮಾತು ಈ ಸೀಮೆಯಲ್ಲಿ ಕೇಳಬರುವಂಥದೇ. ಮಾತು ಸತ್ಯ, ಅದರಿಂದ ತೆಗೆದ ತೀರ್ಮಾನ ಅಸತ್ಯ. ಗಿಡವನ್ನು ಸುಡುವುದು ಕೋಳಿಗೊಬ್ಬರವಲ್ಲ, ಗೊಬ್ಬರವಾಗದ ಕೋಳಿಕಸ. ಹಸಿಹಿಕ್ಕೆಯಲ್ಲಿರುವ ಅಮೋನಿಯಾ ಮತ್ತು ಲವಣಗಳು ಎಳೆಯ ಬೇರಿನ ತುದಿಯನ್ನು ಕಪ್ಪಾಗಿಸಿ, ಎಲೆಯ ಅಂಚನ್ನು ಕಂದಾಗಿಸಿ, ಮೂರು ನಾಲ್ಕು ದಿನಗಳಲ್ಲಿ ಸಸಿಯನ್ನು ಬಾಡಿಸುತ್ತವೆ. ಎರೆಹುಳುವಿನ ತೊಟ್ಟಿಗೆ ಹಾಕಿದರೆ ಹುಳುಗಳೂ ಸಾಯುತ್ತವೆ. ಅದೇ ಕಸವು ಕೆಲವು ತಿಂಗಳು ಮಾಗಿದ ಬಳಿಕ ಅದೇ ಬದನೆಯ ಬುಡಕ್ಕೆ ಪಥ್ಯವಾಗುತ್ತದೆ.

ವಿಲೇವಾರಿಯು ಗೂಡಿನೊಳಗೇ ಪ್ರಾರಂಭವಾಗತಕ್ಕದ್ದು. ನಾಲ್ಕಾರು ಅಂಗುಲ ದಪ್ಪನೆಯ ಒಣಹಾಸನ್ನು ಹಾಕಿ, ವಾರಕ್ಕೆ ಒಂದೆರಡು ಸಲ ಕೆದರಿ, ಒದ್ದೆಯಾದ ಭಾಗವನ್ನು ಮಾತ್ರ ತೆಗೆದು, ಮೇಲೆ ಮೇಲೆ ಹೊಸ ಹೊಟ್ಟನ್ನು ಹರಡುತ್ತ ಹೋದರೆ ತಿಂಗಳುಗಟ್ಟಲೆ ಪೂರ್ತಿ ಬಳಿಯುವ ಪ್ರಮೇಯವೇ ಬಾರದು. 1940ರ ದಶಕದಲ್ಲಿ ಅಮೆರಿಕದ ಓಹಾಯೋ ಪ್ರಾಂತ್ಯದ ಪ್ರಯೋಗಶಾಲೆಯವರು ಈ ದಪ್ಪಹಾಸಿನ ಪದ್ಧತಿಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ಪ್ರಚುರಪಡಿಸಿದರು. ನಮ್ಮ ಕೋಳಿಸಾಕಣೆಗಾರರ ಬಾಯಲ್ಲಿ ಇಂದು ಅದು ಡೀಪ್ ಲಿಟರ್ ಎಂದೇ ಪ್ರಸಿದ್ಧ. ಹಾಸಿನ ಹದವನ್ನು ಅರಿಯಲು ಯಂತ್ರವೇನೂ ಬೇಡ, ಕೈಯೇ ಸಾಕು. ಗೂಡಿನ ನಡುಭಾಗದಿಂದ ಒಂದು ಮುಷ್ಟಿ ಹಾಸನ್ನು ಎತ್ತಿ ಬಿಗಿಯಾಗಿ ಹಿಸುಕಿ ಬೆರಳುಗಳನ್ನು ಬಿಡಿಸಿದಾಗ ಅದು ಕಲಸಿದ ಹಿಟ್ಟಿನಂತೆ ಮುದ್ದೆಯಾಗಿಯೇ ನಿಂತರೆ ನೀರು ಹೆಚ್ಚು. ಮುದ್ದೆಗಟ್ಟದೆ ಧೂಳಾಗಿ ಜಾರಿದರೆ ನೀರು ಕಡಿಮೆ. ಮುದ್ದೆಗಟ್ಟಿ, ಬೆರಳು ಸಡಿಲಿಸಿದೊಡನೆ ಬಿರಿದು ಉದುರಿದರೆ ಹದ ಸರಿಯಾಗಿದೆಯೆಂದು ತಿಳಿಯಬೇಕು. ನೀರಿನ ಪಾತ್ರೆಯ ಸುತ್ತಲಿನ ಒಂದು ಮೊಳದಷ್ಟು ನೆಲವೇ ಎಲ್ಲ ನಾತದ ಉಗಮಸ್ಥಾನವಾಗಿರುವುದು ಸಾಮಾನ್ಯ; ಪಾತ್ರೆಯನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಏರಿಸಿಟ್ಟರೆ ಅರ್ಧ ರೋಗವು ಆಗಲೇ ಪರಿಹಾರವಾದಂತೆ. ಹೊಸ ಮರಿಗಳನ್ನು ತರುವಾಗ ಮಾತ್ರ ಹಳೆಯ ಹಾಸನ್ನು ಸಂಪೂರ್ಣ ಬಳಿಯುವುದು ಕ್ಷೇಮ. ರಕ್ತಭೇದಿಯನ್ನುಂಟುಮಾಡುವ ಕಾಕ್ಸಿಡಿಯಾ ಪರೋಪಜೀವಿಯು ಒದ್ದೆಹಾಸಿನಲ್ಲಿ ಬದುಕಿದ್ದು ಎಳೆಮರಿಗಳನ್ನು ಬಲಿತೆಗೆದುಕೊಳ್ಳುತ್ತದೆ. ಬಳಿಯುವಾಗ ಮೇಲೆ ತುಸು ನೀರು ಚಿಮುಕಿಸಿ, ಮೂಗು ಬಾಯಿಗಳಿಗೆ ಸೆರಗನ್ನೋ ವಸ್ತ್ರವನ್ನೋ ಕಟ್ಟಿಕೊಂಡು, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈತೊಳೆಯುವುದು ವಿಹಿತ.

ಬಳಿದ ಕಸವನ್ನು ಗೊಬ್ಬರವಾಗಿಸುವ ವಿದ್ಯೆಯಲ್ಲಿ ನಮ್ಮ ದೇಶದ ಎರಡು ಪ್ರಯತ್ನಗಳು ಜಗದ್ವಿಖ್ಯಾತವಾಗಿವೆ. ಎರಡೂ ಈ ಮೂರು ತಾಲೂಕುಗಳಿಗೆ ನೇರವಾಗಿ ಅನ್ವಯಿಸುವುದು ಗಮನಾರ್ಹ. ಮೊದಲನೆಯದು ಆಲ್ಬರ್ಟ್ ಹೋವರ್ಡರು 1924ರಿಂದ 1931ರ ವರೆಗೆ ಇಂದೂರಿನಲ್ಲಿ ನಡೆಸಿದ ಪ್ರಯೋಗ. ಯಶವಂತ ವಾಡ್ ಅವರೊಡಗೂಡಿ ಅವರು ಬರೆದ ಗ್ರಂಥ 1931ರಲ್ಲಿ ಪ್ರಕಟವಾಯಿತು. ಮಾಳ್ವದ ಆ ನೆಲವೂ ಎರೆಭೂಮಿಯೇ. ಬೇಸಗೆಯಲ್ಲಿ ಬಿರಿಯುವ, ಮಳೆಗಾಲದಲ್ಲಿ ಉಬ್ಬಿ ನೀರು ಇಂಗಗೊಡದ ಅದರ ಸ್ವಭಾವವನ್ನು ಬಲ್ಲವರಾದ್ದರಿಂದಲೇ ಒಣಕಾಲದಲ್ಲಿ ಗುಂಡಿ, ಮಳೆಗಾಲದಲ್ಲಿ ನೆಲದ ಮೇಲಣ ರಾಶಿ ಎಂಬ ದ್ವಿವಿಧ ಕ್ರಮವನ್ನು ಅವರು ಅನುಸರಿಸಿದರು. ಕಸ, ಸೆಗಣಿ, ಮೂತ್ರ ಹೀರಿದ ಮಣ್ಣುಗಳನ್ನು ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ಮೂರು ಸಲ ತಿರುವಿಹಾಕಿದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತಿತ್ತು. ಎರಡನೆಯದು ಡಾ. ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿ. ಪಟ್ಟಣದ ಕಸ ಮತ್ತು ಮಲಗಳನ್ನು ಸುಮಾರು ಮೂರಡಿ ಆಳದ ಕಂದಕದಲ್ಲಿ ಪದರಗಳಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿ, ತಿರುವದೆ ಆರೆಂಟು ತಿಂಗಳು ಬಿಡುವುದು ಅದರ ಸಾರಾಂಶ. ನೀರು, ಆಳು ಎರಡೂ ಕಡಿಮೆ. ಸಾರಜನಕದ ನಷ್ಟವೂ ಕಡಿಮೆ. ಕಾಲ ಮಾತ್ರ ಹೆಚ್ಚು. ಕುಡಿಯುವ ಕೊಡ ನೀರಿಗೆ ಪರದಾಡುವ ಬೇಸಗೆಯುಳ್ಳ ಆಳಂದ ಸೀಮೆಯಲ್ಲಿ ಕಸದ ರಾಶಿಗೆ ವಾರವಾರವೂ ನೀರು ಹೊರುವೆನೆಂಬುದು ನಡೆಯದ ಮಾತಾದ್ದರಿಂದ ಹಿತ್ತಲಿನ ಕೋಳಿಕಸಕ್ಕೆ ಈ ಎರಡನೆಯ ಪದ್ಧತಿಯೇ ಹೆಚ್ಚು ಯುಕ್ತವೆಂದು ನನ್ನ ಅಭಿಪ್ರಾಯ.

ಹತ್ತು ಹನ್ನೆರಡು ಕೋಳಿಗಳಿರುವ ಮನೆಗೆ ಆರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಒಂದು ಗುಂಡಿ ಸಾಕು. ದೀಪಾವಳಿಯ ಹೊತ್ತಿಗೆ ಮಳೆ ಹಿಂಜರಿದಿರುತ್ತದೆ; ಮನೆಗೆ ಸಾರಣೆ-ಸುಣ್ಣಗಳಾಗುವ ಕಾಲವೂ ಅದೇ. ಗುಂಡಿಯ ತಳಕ್ಕೆ ತೊಗರಿಕಟ್ಟಿಗೆಯ ತುಂಡುಗಳನ್ನೋ ರವದಿಯನ್ನೋ ಅರ್ಧ ಅಡಿ ಹಾಸಿ, ಅದರ ಮೇಲೆ ಗೂಡಿನ ಕಸ ಒಂದು ಪದರ, ಒಣಹೊಟ್ಟು ಇಲ್ಲವೆ ಎಲೆಕಸ ಎರಡು ಪದರ, ಸೆಗಣಿನೀರು ಚಿಮುಕಿಸಿದ ತೆಳುಮಣ್ಣು ಒಂದು ಪದರ, ಹೀಗೆ ನೆಲಮಟ್ಟಕ್ಕಿಂತ ಒಂದಡಿ ಮೇಲಕ್ಕೆ ಬರುವವರೆಗೆ ಏರಿಸಬೇಕು. ಎಂಟು ಹತ್ತು ದಿನ ಹಾಗೆಯೇ ಬಿಟ್ಟರೆ ಒಳಗೆ ಕಾವು ಹುಟ್ಟಿ ರಾಶಿ ಕುಸಿಯುತ್ತದೆ. ಮುಂಜಾನೆಯ ಚಳಿಯಲ್ಲಿ ಒಂದು ಕಬ್ಬಿಣದ ಸಲಾಕೆಯನ್ನು ನಡುವಿಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹೊರಗೆಳೆದು ತುದಿಯನ್ನು ಮುಟ್ಟಿದರೆ ಕೈ ಹಿಂದೆ ಸರಿಯುವಷ್ಟು ಬಿಸಿಯಿರಬೇಕು. ಸಲಾಕೆಯ ಹಿಂದೆಯೇ ತೂತಿನಿಂದ ಆವಿಯು ಎದ್ದು ಬರುವುದೂ ಕಾಣುತ್ತದೆ. ಐವತ್ತೈದು ಡಿಗ್ರಿಗೆ ಮೇಲ್ಪಟ್ಟ ಈ ಕಾವೇ ಸಾಲ್ಮೊನೆಲ್ಲಾ ಮೊದಲಾದ ರೋಗಾಣುಗಳನ್ನೂ ಕಸದ ಬೀಜಗಳನ್ನೂ ನೊಣದ ಹುಳುಗಳನ್ನೂ ಕೊಲ್ಲತಕ್ಕದ್ದು. ಸಲಾಕೆ ತಣ್ಣಗಿದ್ದರೆ ಒಂದೆರಡು ಕೊಡ ನೀರೋ ಇನ್ನೊಂದು ಬುಟ್ಟಿ ಹಿಕ್ಕೆಯೋ ಬೇಕೆಂದರ್ಥ. ಕಾವು ಇಳಿಯಲಾರಂಭಿಸಿದ ಮೇಲೆ ಮಣ್ಣು ಸೆಗಣಿಗಳನ್ನು ಕಲಸಿ ಮೇಲೆ ಮೆತ್ತಿ ಮುಚ್ಚಬೇಕು. ಮುಚ್ಚಿದ ಗುಂಡಿಯ ಅಂಚುಗಳಿಗೆ ಆ ಕಾವು ಸಮನಾಗಿ ಮುಟ್ಟಿರುವುದಿಲ್ಲವಾದ್ದರಿಂದ ಆರು ತಿಂಗಳಿಗೆ ಮುಂಚೆ ಅದನ್ನು ತೆರೆಯುವ ಆತುರ ಸಲ್ಲದು. ಮೃಗಶಿರಾ ಮಳೆಯ ಹೊತ್ತಿಗೆ ತೆರೆದರೆ ಒಳಗಿರುವುದು ಕಪ್ಪಗೆ, ಉದುರಾಗಿ, ಮಣ್ಣಿನ ವಾಸನೆಯುಳ್ಳದ್ದಾಗಿರುತ್ತದೆ. ಅದರಲ್ಲಿ ಹಿಕ್ಕೆಯ ಗುರುತಾಗಲಿ ಘಾಟಾಗಲಿ ಉಳಿದಿದ್ದರೆ ಅದಿನ್ನೂ ಮಾಗಿಲ್ಲ. ಮಳೆಗಾಲದ ಕಸವನ್ನು ಮಾತ್ರ ಗುಂಡಿಗೆ ಹಾಕದೆ ದಿಬ್ಬದ ಮೇಲೆ ರಾಶಿಮಾಡಿ, ಮೇಲೆ ತಗಡನ್ನೋ ರವದಿಯ ಹೊದಿಕೆಯನ್ನೋ ಹಾಕಿ, ಹದಿನೈದು ದಿನಕ್ಕೊಮ್ಮೆ ತಿರುವುತ್ತಿರಬೇಕು. ಹಸ್ತದ ಮಳೆಗೆ ಜೋಳ ಬಿತ್ತುವ ಮುಂಚೆ ಅದು ಒದಗಿಬರುತ್ತದೆ.

ಸಿದ್ಧವಾದ ಗೊಬ್ಬರವನ್ನು ಯಾವ ಬೆಳೆಗೆ ಕೊಡಬೇಕೆಂಬುದೂ ವಿವೇಚನಾರ್ಹ. ತೊಗರಿಯ ನಾಡಾದ್ದರಿಂದ ತೊಗರಿಗೇ ಹಾಕೋಣವೆನ್ನಿಸುವುದು ಸಹಜ. ಆದರೆ ತೊಗರಿಯು ತನ್ನ ಬೇರಿನ ಗಂಟುಗಳಲ್ಲಿ ವಾಯುವಿನ ಸಾರಜನಕವನ್ನು ತಾನೇ ಹಿಡಿದಿಡುವ ಸಸ್ಯ. ಅದಕ್ಕೆ ಸಾರಜನಕವನ್ನು ಹೇರಳವಾಗಿ ಉಣಿಸಿದರೆ ಗಂಟುಗಳು ಅಲಸವಾಗಿ, ಎಲೆ ಹೆಚ್ಚಿ, ಕಾಯಿ ಹೆಚ್ಚದೆ ಹೋಗುವುದು. ಜೋಳ, ಗೋವಿನಜೋಳ, ಮೆಣಸಿನಗಿಡ, ಬದನೆ, ಹೀರೆ, ಕುಂಬಳಗಳಿಗೆ ಅದು ನಿಜವಾದ ಉಪಕಾರ. ಗುಂಟೆಯೊಂದಕ್ಕೆ ಇಪ್ಪತ್ತೈದರಿಂದ ಐವತ್ತು ಕಿಲೋ ಮಾಗಿದ ಗೊಬ್ಬರವೆಂದರೆ ಹೆಕ್ಟೇರಿಗೆ ಎರಡೂವರೆಯಿಂದ ಐದು ಟನ್ನಿನ ಲೆಕ್ಕವಾಗುತ್ತದೆ. ಅದಕ್ಕಿಂತ ಹೆಚ್ಚು ಬೇಡ. ವರ್ಷವರ್ಷವೂ ಒಂದೇ ಮಡಿಗೆ ಸುರಿದರೆ ರಂಜಕ ಮತ್ತು ಲವಣಗಳು ಸಂಚಯವಾಗುವುದರಿಂದ ಮಡಿಯನ್ನು ಬದಲಿಸುತ್ತಿರಬೇಕು. ಎರೆಮಣ್ಣು ಸ್ವಭಾವತಃ ಕ್ಷಾರಯುಕ್ತವಾಗಿರುವ ಕಾರಣ ಗೊಬ್ಬರವನ್ನು ಮೇಲೆಯೇ ಹರಡಿ ಬಿಸಿಲಿಗೆ ಬಿಟ್ಟರೆ ಉಳಿದ ಅಮೋನಿಯಾವೂ ಹಾರಿಹೋಗುತ್ತದೆ; ಹರಡಿದ ದಿನವೇ ಹೊಲವಾದರೆ ಕುಂಟೆ ಹೊಡೆದು, ಹಿತ್ತಲಾದರೆ ಗುದ್ದಲಿಯಿಂದ ಕೆದಕಿ ಮಣ್ಣಿನೊಳಕ್ಕೆ ಸೇರಿಸತಕ್ಕದ್ದು.

ಹಸಿಯಾಗಿ ತಿನ್ನುವ ತಪ್ಪಲುಪಲ್ಯಗಳ ವಿಷಯದಲ್ಲಿ ವಿಶೇಷ ಜಾಗರೂಕತೆ ಬೇಕು. ಜೋಳದ ರೊಟ್ಟಿಯೊಡನೆ ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ, ಮೂಲಂಗಿ, ಸವತೆಗಳನ್ನು ಹಸಿಯಾಗಿಯೇ ಸವಿಯುವುದು ಈ ಸೀಮೆಯ ಊಟದ ಸೊಗಸು. ಮಾಗದ ಕೋಳಿಕಸ ಬಿದ್ದ ಮಡಿಯಲ್ಲಿ ಇವುಗಳನ್ನು ಬೆಳೆದರೆ ರೋಗಾಣುಗಳು ತಟ್ಟೆಯವರೆಗೂ ಬರುವುವು. ಅಮೆರಿಕದ ಸಾವಯವ ಕೃಷಿಯ ನಿಯಮಗಳ ಪ್ರಕಾರ ಹಸಿಗೊಬ್ಬರ ಹಾಕಿದ ಮೇಲೆ ಮಣ್ಣಿಗೆ ತಾಗುವ ಪಲ್ಯವನ್ನು ಕೊಯ್ಯಲು ಕನಿಷ್ಠ 120 ದಿನಗಳೂ, ಮಣ್ಣಿಗೆ ತಾಗದ ಫಲಗಳನ್ನು ಕೊಯ್ಯಲು 90 ದಿನಗಳೂ ಕಳೆದಿರಬೇಕು. ಹಕ್ಕರಕಿಯು ಬಿತ್ತಿದ ಕೆಲವು ವಾರಗಳಲ್ಲಿಯೇ ಕೈಗೆ ಬರುವ ಸೊಪ್ಪಾದ್ದರಿಂದ ಅದರ ಮಡಿಗೆ ಹಸಿಕಸ ಸರ್ವಥಾ ವರ್ಜ್ಯವೆಂದೇ ತಿಳಿಯತಕ್ಕದ್ದು.

ಇಲ್ಲಿಯವರೆಗೆ ಹೇಳಿದ್ದೆಲ್ಲವೂ ಆರೋಗ್ಯವಂತ ಕೋಳಿಗಳ ಕಸವನ್ನು ಕುರಿತದ್ದು. ಕೋಳಿಗಳು ಗುಂಪುಗುಂಪಾಗಿ ಸಾಯತೊಡಗಿದರೆ, ಅದು ರಾಣಿಖೇತ್ ಜಾಡ್ಯವಿರಲಿ ಹಕ್ಕಿಜ್ವರವಿರಲಿ, ಆ ಕಸವು ಗೊಬ್ಬರವಾಗುವ ಅರ್ಹತೆಯನ್ನು ಕಳೆದುಕೊಳ್ಳುತ್ತದೆ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಭಾರತದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡಿತು. 2012ರ ಅಕ್ಟೋಬರಿನಲ್ಲಿ ನಮ್ಮ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರಕ್ಕೂ ಅದು ಬಂತು. ಇಂತಹ ಸಂದರ್ಭಗಳಲ್ಲಿ ಪಕ್ಷಿಗಳೊಡನೆ ಮೊಟ್ಟೆ, ಮೇವು, ಹಾಸುಗಳನ್ನೂ ಆಳವಾದ ಗುಂಡಿಯಲ್ಲಿ ಸುಣ್ಣದೊಡನೆ ಹೂಳುವುದೋ ಸುಡುವುದೋ ವಿಧಿ. ಹಿತ್ತಲಿನವರು ಮಾಡಬೇಕಾದುದು ಇಷ್ಟು: ಕಸವನ್ನು ಕದಲಿಸದೆ, ಗಾಡಿಗೆ ಹೇರಿ ಇನ್ನೊಂದೂರಿನ ಹೊಲಕ್ಕೆ ಸಾಗಿಸದೆ, ಪಶುವೈದ್ಯರಿಗೆ ಅಂದೇ ತಿಳಿಸುವುದು. ಸತ್ತ ಕೋಳಿಯನ್ನು ಎಂದಿನ ಕಸದಲ್ಲಿ ಹುದುಗಿಸುವ ದುರಭ್ಯಾಸವೂ ಅನರ್ಥಕಾರಿ. ಕೊಳೆತ ಕಳೇಬರದಲ್ಲಿ ಬೆಳೆಯುವ ಬಾಟುಲಿಸಂ ವಿಷವು ಆ ಕಸ ಹರಡಿದ ಹುಲ್ಲನ್ನು ಮೇದ ದನಗಳಿಗೆ ಪಾರ್ಶ್ವವಾಯು ತಂದು ಕೊಂದ ಪ್ರಸಂಗಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಎತ್ತಿನ ಜೋಡಿಯ ಬೆಲೆಯನ್ನು ಬಲ್ಲ ಎರೆಸೀಮೆಯ ಒಕ್ಕಲಿಗನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕಡೆಯದಾಗಿ ಲಾಭನಷ್ಟದ ಲೆಕ್ಕ. ಉತ್ಪ್ರೇಕ್ಷೆಯಿಂದ ಉಪಕಾರವಿಲ್ಲ. ಮೊಟ್ಟೆಯಿಡುವ ದೊಡ್ಡ ಕೋಳಿಯೊಂದು ದಿನಕ್ಕೆ ನೂರು ಗ್ರಾಂಗಿಂತ ತುಸು ಹೆಚ್ಚು ಹಸಿಹಿಕ್ಕೆ ಹಾಕುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರು. ಹಗಲಿಡೀ ಹೊರಗೆ ಮೇಯುವ ಕೋಳಿಯಾದರೆ ಗೂಡಿಗೆ ದಕ್ಕುವುದು ಅದರ ಅರ್ಧ. ಹತ್ತು ಕೋಳಿಗಳಿಂದ ವರ್ಷಕ್ಕೆ ಒಣತೂಕದಲ್ಲಿ ಅರ್ಧ ಕ್ವಿಂಟಲಿನ ಆಸುಪಾಸು ಹಿಕ್ಕೆ ದೊರೆತೀತು. ಅದರ ಸಾರಜನಕವು ಒಂದೂವರೆ ಕಿಲೋವಿನ ಸಮೀಪ. ನಲವತ್ತೈದು ಕಿಲೋ ಯೂರಿಯಾ ಚೀಲದಲ್ಲಿ ಇಪ್ಪತ್ತು ಕಿಲೋಗೂ ಮಿಕ್ಕ ಸಾರಜನಕವಿರುವಾಗ ಇದು ಅದರ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಹೊಲದ ಗೊಬ್ಬರದ ಖರ್ಚು ಇದರಿಂದ ತಪ್ಪುವುದೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ಆದರೆ ಹಾಸಿನ ಹೊಟ್ಟು, ಎಲೆಕಸಗಳೊಡನೆ ಮಾಗಿ ಒಂದೂವರೆ ಎರಡು ಕ್ವಿಂಟಲಾಗುವ ಆ ಗೊಬ್ಬರವು ಮೂರು ನಾಲ್ಕು ಗುಂಟೆಯ ಕಾಯಿಪಲ್ಯಕ್ಕೆ ಧಾರಾಳವಾಗಿ ಸಾಕು. ಯೂರಿಯಾ ಕೊಡಲಾರದ ಸಾವಯವಾಂಶವನ್ನೂ ರಂಜಕವನ್ನೂ ಅದು ಕೊಡುತ್ತದೆ. ಮನೆಯ ಸುತ್ತಲಿನ ನೊಣ, ನಾತ, ನೀರಿನ ಕೆಡುಕು ತಪ್ಪುವುದು ಲೆಕ್ಕಕ್ಕೆ ಸಿಗದ ಲಾಭ. ಶುಚಿತ್ವವು ಇದರ ಪ್ರಥಮ ಪ್ರಯೋಜನ, ಗೊಬ್ಬರವು ದ್ವಿತೀಯ.

ಇನ್ನೊಂದು ಮಾತು. ಗೂಡು ಬಳಿಯುವವಳು, ಬುಟ್ಟಿ ಹೊರುವವಳು ಬಹುತೇಕ ಮನೆಗಳಲ್ಲಿ ಗೃಹಿಣಿ. ತಿಪ್ಪೆಯು ಗೊಬ್ಬರವಾದ ಮೇಲೆ ಅದು ಯಾವ ಹೊಲಕ್ಕೆ ಹೋಗಬೇಕೆಂದು ನಿರ್ಣಯಿಸುವವನು ಯಜಮಾನ. ಹತ್ತು ಎಕರೆಯ ಹೊಲದಲ್ಲಿ ಎರಡು ಕ್ವಿಂಟಲ್ ಗೊಬ್ಬರವು ಹೋದ ಕಡೆ ತಿಳಿಯದಾಗುವುದು. ಹಿತ್ತಲಿನ ಮೆಣಸು ಬದನೆಗಳಿಗೆ ಬಿದ್ದರೆ ಮನೆಯವರ ತಟ್ಟೆಯಲ್ಲಿಯೇ ಕಾಣುವುದು. ಆದ್ದರಿಂದ ಕೋಳಿಗೂಡಿನ ಗೊಬ್ಬರದ ಮೇಲಿನ ಅಧಿಕಾರವು ಗೂಡು ಬಳಿದವಳದಾಗಿರುವುದು ನ್ಯಾಯವೂ ಹೌದು, ಲಾಭವೂ ಹೌದು. 2005ರ ಉದ್ಯೋಗ ಖಾತರಿ ಕಾಯಿದೆಯಡಿ ಕೋಳಿಗೂಡು, ಗೊಬ್ಬರದ ತೊಟ್ಟಿಗಳೆರಡಕ್ಕೂ ಕಾಮಗಾರಿಗಳ ಪಟ್ಟಿಯಲ್ಲಿ ಸ್ಥಾನ ದೊರೆತಿತ್ತು. ಗೂಡು ಕಟ್ಟಿಸುವಾಗಲೇ ಅದರ ಬದಿಗೆ ಗುಂಡಿಯನ್ನೂ ತೋಡಿಸುವ, ಮರಿಗಳನ್ನು ಹಂಚುವಾಗಲೇ ಕಸದ ಪಾಠವನ್ನೂ ಹೇಳುವ ಕ್ರಮವನ್ನು ಪಂಚಾಯತಿಗಳೂ ಪಶುಪಾಲನಾ ಇಲಾಖೆಯೂ ಅಂಗೀಕರಿಸಬೇಕು. ಮನೆಯವರು ಅದಕ್ಕಾಗಿ ಕಾಯಬೇಕಾಗಿಲ್ಲ. ಈ ದೀಪಾವಳಿಗೆ ಮನೆಯ ಸಾರಣೆ ಮುಗಿದ ಮರುದಿನ ಹಿತ್ತಲಿನಲ್ಲಿ, ಬಾವಿಗೆ ದೂರವಾಗಿ, ಆರಡಿಯ ಒಂದು ಗುಂಡಿಯನ್ನು ತೋಡಿರಿ. ಕೋಳಿಕಸವನ್ನು ಅಲ್ಲಿಯೇ ಹಾಕಿರಿ. ಮೆತ್ತಿ ಮುಚ್ಚಿದ ಮೇಲೆ ಮೃಗಶಿರಾ ಮಳೆ ಬರುವವರೆಗೆ ಅದನ್ನು ಮುಟ್ಟದಿರಿ.